ಓದುಗರ ಪ್ರಶ್ನೆ, ನಮ್ಮ ಉತ್ತರ: ಬಂದರಿನ ಬೆಲೆ, ಸಂತೆಯ ಬೆಲೆ

ಆಮದು–ರಫ್ತಿನ ಬಗ್ಗೆ ಪ್ರಶ್ನೆ ಬರೆಯಿರಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆವು. ಹೆಚ್ಚಿನ ಪತ್ರಗಳು ಬಂದಿರುವುದು ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಿಂದ. ಆಶ್ಚರ್ಯವಿಲ್ಲ. ಮೆಕ್ಕೆಜೋಳ, ಅಡಿಕೆ, ಈರುಳ್ಳಿ, ಶೇಂಗಾ, ಅದಿರು ಇವೆಲ್ಲದರ ಮೇಲೂ ದೆಹಲಿಯ ಒಂದಲ್ಲ ಒಂದು ಅಧಿಸೂಚನೆ ಕೂತಿದೆ. ಕೆಳಗಿನ ಲೆಕ್ಕಗಳಲ್ಲಿ ‘ಎಂದಿಟ್ಟುಕೊಳ್ಳಿ’ ಎಂದಿರುವ ಅಂಕಿಗಳು ಉದಾಹರಣೆಗೆ ಮಾತ್ರ. ಅವುಗಳ ಜಾಗದಲ್ಲಿ ನಿಮ್ಮ ದಿನದ ದರ ಹಾಕಿ ಮತ್ತೊಮ್ಮೆ ಕೂಡಿ ಕಳೆಯಿರಿ.

ಪ್ರಶ್ನೆ: ಸರ್, ಮೆಕ್ಕೆಜೋಳಕ್ಕೆ ಬೆಂಬಲ ಬೆಲೆ 2,400 ಅಂತಾರೆ, ದಾವಣಗೆರೆ ಮಾರುಕಟ್ಟೆಗೆ ಚೀಲ ಇಳಿಸಿದರೆ ಆ ರೇಟು ಸಿಗಲ್ಲ. ಹೊರಗಿನ ಜೋಳದ ಮೇಲೆ ಇನ್ನೂ ಸುಂಕ ಹಾಕಿದರೆ ನಮಗೆ ರೇಟು ಬರುತ್ತಾ?
– ಜಗಳೂರು ತಾಲ್ಲೂಕಿನ ರೈತರು

ಉತ್ತರ: ಬೆಳೆ ಹೆಚ್ಚಾದ ವರ್ಷ ಬರುವುದಿಲ್ಲ. ಇದನ್ನು ನಂಬುವುದು ಕಷ್ಟ, ಆದ್ದರಿಂದ ಲೆಕ್ಕವನ್ನೇ ಬಿಡಿಸಿ ನೋಡೋಣ.

ನಿಮ್ಮ ಜೋಳದ ಬೆಲೆ ಎರಡು ಗೋಡೆಗಳ ನಡುವೆ ಓಡಾಡುತ್ತದೆ. ಮೇಲಿನ ಗೋಡೆ ಆಮದಿನದು. ಹೊರಗಿನ ಜೋಳ ನಮ್ಮ ಬಂದರಿಗೆ ಬಂದು ಬೀಳುವಾಗ ಟನ್ನಿಗೆ 250 ಡಾಲರ್, ಡಾಲರಿಗೆ 85 ರೂಪಾಯಿ ಎಂದಿಟ್ಟುಕೊಳ್ಳಿ. ಅದು 21,250 ರೂಪಾಯಿ. ವರ್ಷಕ್ಕೆ 5 ಲಕ್ಷ ಟನ್ ತನಕ ಶೇ 15ರ ಸುಂಕದಲ್ಲಿ ತರಿಸುವ ಕೋಟಾ ಇದೆ. ಆ ಸುಂಕ ಸುಮಾರು 3,190, ಬಂದರು ಖರ್ಚು ಮತ್ತು ಲಾರಿ ಬಾಡಿಗೆ 2,500. ಕೂಡಿದರೆ ಟನ್ನಿಗೆ 26,940, ಅಂದರೆ ಕ್ವಿಂಟಾಲಿಗೆ ಸುಮಾರು 2,690. ಕೋಟಾದ ಹೊರಗೆ ಸುಂಕ ಶೇ 50. ಆಗ ಅದೇ ಜೋಳ ಇಲ್ಲಿ ಮುಟ್ಟುವುದು 3,440ಕ್ಕೆ. (ಸುಂಕದ ಮೇಲಿನ ಸರ್ಚಾರ್ಜ್ ಸೇರಿಸಿಲ್ಲ.) ದಾವಣಗೆರೆಯ ಸ್ಟಾರ್ಚ್ ಕಾರ್ಖಾನೆಯಾಗಲಿ ಕೋಳಿ ಮೇವಿನವರಾಗಲಿ ನಿಮಗೆ ಇದಕ್ಕಿಂತ ಹೆಚ್ಚು ಕೊಡಲಾರರು.

ಕೆಳಗಿನ ಗೋಡೆ ರಫ್ತಿನದು. ವಿಯೆಟ್ನಾಂನವರು ನಮ್ಮ ಬಂದರಿನಲ್ಲಿ ಟನ್ನಿಗೆ 230 ಡಾಲರ್ ಕೊಡುತ್ತಾರೆ ಎಂದಿಟ್ಟುಕೊಳ್ಳಿ. 19,550 ಆಯಿತು. ಇಲ್ಲಿಂದ ಬಂದರಿಗೆ ಒಯ್ಯುವ, ಚೀಲ ತುಂಬುವ, ಹಡಗಿಗೆ ಏರಿಸುವ ಖರ್ಚು 2,500 ಕಳೆದರೆ ಉಳಿಯುವುದು 17,050, ಕ್ವಿಂಟಾಲಿಗೆ 1,705.

ಈಗ ನೋಡಿ. ದೇಶದಲ್ಲಿ ಜೋಳ ಸಾಲದೆ ಬಂದಾಗ ಬೆಲೆ ಮೇಲಿನ ಗೋಡೆಗೆ ಏರುತ್ತದೆ, ಮಿಕ್ಕಿ ಹರಿದಾಗ ಕೆಳಗಿನ ಗೋಡೆಗೆ ಕುಸಿಯುತ್ತದೆ. ಸುಂಕ ಎತ್ತರಿಸುವುದು ಮೇಲಿನ ಗೋಡೆಯನ್ನು ಮಾತ್ರ. ಬೆಲೆ 1,700ರಲ್ಲಿ ಬಿದ್ದಿರುವಾಗ 2,690ರ ಗೋಡೆಯನ್ನು 3,440 ಮಾಡಿದರೆ ನಿಮಗೆ ಬರುವ ಲಾಭ ಸೊನ್ನೆ. ಅರ್ಥಶಾಸ್ತ್ರದವರು ಇದಕ್ಕೆ ‘ಸುಂಕದಲ್ಲಿ ನೀರು ತುಂಬಿದೆ’ ಎನ್ನುತ್ತಾರೆ. ಕಾಗದದ ಮೇಲೆ ಸುಂಕ ಇದೆ, ಬೆಲೆಗೆ ತಾಗುತ್ತಿಲ್ಲ ಎಂದರ್ಥ. ಬೆಂಬಲ ಬೆಲೆಯ ಕತೆಯೂ ಹೀಗೆಯೇ. 2025–26ರ 2,400 ರೂಪಾಯಿ ಎರಡು ಗೋಡೆಗಳ ನಡುವೆ ಎಳೆದ ಒಂದು ಗೆರೆ. ಸರ್ಕಾರ ಆ ಬೆಲೆಗೆ ನಿಂತು ಖರೀದಿಸದಿದ್ದರೆ ಗೆರೆ ಬೆಲೆಯನ್ನು ಹಿಡಿದು ನಿಲ್ಲಿಸುವುದಿಲ್ಲ.

ಗೋಡೆಗಳ ನಡುವೆ ಬೆಲೆಯನ್ನು ಎತ್ತಬಲ್ಲದ್ದು ಒಳಗಿನ ಬೇಡಿಕೆ. ಜೋಳದಿಂದ ಮಾಡಿದ ಎಥೆನಾಲ್‌ಗೆ ತೈಲ ಕಂಪನಿಗಳು ಕೊಡುವ ದರ ಲೀಟರಿಗೆ 71.86 ರೂಪಾಯಿ, ಒಂದು ಟನ್ ಜೋಳದಿಂದ ಬರುವುದು ಸುಮಾರು 380 ಲೀಟರ್. ಅಲ್ಲಿಗೆ ಟನ್ನಿಗೆ 27,300 ರೂಪಾಯಿಯ ಸರಕು. ಡಿಸ್ಟಿಲರಿಯ ಖರ್ಚು ಕಳೆದು, ಉಳಿಯುವ ಹಿಂಡಿಯ ಮಾರಾಟ ಸೇರಿಸಿ ಅವರು ಬೆಲೆ ಕಟ್ಟುತ್ತಾರೆ. ಈ ಬೇಡಿಕೆ ಏರಿದ್ದರಿಂದಲೇ ರಫ್ತು ಮಾಡುತ್ತಿದ್ದ ನಾವು 2024ರಲ್ಲಿ ಮ್ಯಾನ್ಮಾರ್, ಉಕ್ರೇನ್‌ಗಳಿಂದ ಜೋಳ ತರಿಸಿದೆವು. ಆದರೆ ಅದೇ ಡಿಸ್ಟಿಲರಿಗೆ ಸರ್ಕಾರಿ ಗೋದಾಮಿನ ಅಕ್ಕಿ ಅಗ್ಗವಾಗಿ ಸಿಕ್ಕರೆ ಜೋಳ ಕೈಬಿಡುತ್ತಾರೆ. ಹಾಗಾಗಿ ಸುಂಕದ ಸುದ್ದಿಗಿಂತ ಎಥೆನಾಲ್ ದರ ಮತ್ತು ಗೋದಾಮಿನ ಅಕ್ಕಿಯ ದರದ ಸುದ್ದಿಯ ಮೇಲೆ ಕಣ್ಣಿಡಿ.

ಇನ್ನೊಂದು ಮಾತು. ಮಾರುಕಟ್ಟೆಯಲ್ಲಿ ನಿಮಗೆ 1,700 ಸಿಕ್ಕಿತು ಎಂದಿಟ್ಟುಕೊಳ್ಳಿ, ಅದು ಎಷ್ಟು ತೇವಾಂಶದ ಜೋಳಕ್ಕೆ? ಶೇ 20ರ ತೇವದ 100 ಕಿಲೋ ಜೋಳವನ್ನು ಶೇ 14ಕ್ಕೆ ಒಣಗಿಸಿದರೆ ಉಳಿಯುವುದು 93 ಕಿಲೋ. ಅಂದರೆ ಹಸಿ ಜೋಳಕ್ಕೆ ಸಿಕ್ಕ 1,700 ಒಣ ಜೋಳದ ಲೆಕ್ಕದಲ್ಲಿ ಸುಮಾರು 1,830ಕ್ಕೆ ಸಮ. ಬಂದರಿನ ಬೆಲೆಯೊಡನೆ ಹೋಲಿಸುವಾಗ ಒಣ ಜೋಳದ್ದನ್ನೇ ಹೋಲಿಸಬೇಕು.

ಪ್ರಶ್ನೆ: ಚಳ್ಳಕೆರೆಯನ್ನು ತೈಲನಗರ ಅನ್ನುತ್ತಿದ್ದರು. ಪಾಮ್ ಎಣ್ಣೆ ಬಂದು ನಮ್ಮ ಗಿರಣಿಗಳ ಸದ್ದಡಗಿತು. ಹೊರಗಿನ ಎಣ್ಣೆ ಬಿಟ್ಟುಕೊಂಡದ್ದರಿಂದ ದೇಶಕ್ಕೆ ಲಾಭ ಎಂದು ಪುಸ್ತಕದಲ್ಲಿ ಬರೆಯುತ್ತಾರಲ್ಲ, ಆ ಲಾಭ ಎಲ್ಲಿ ಹೋಯಿತು?
– ಎಣ್ಣೆ ಗಿರಣಿ ನಡೆಸಿದವರು, ಚಳ್ಳಕೆರೆ

ಉತ್ತರ: ಲಾಭ ಹೋದದ್ದು ಎಣ್ಣೆ ಕೊಳ್ಳುವ ಮನೆಗಳಿಗೆ, ಹನಿ ಹನಿಯಾಗಿ ಹಂಚಿಹೋಯಿತು. ನಷ್ಟ ಬಂದದ್ದು ನಿಮ್ಮಂಥ ಕೆಲವೇ ಊರುಗಳಿಗೆ, ಒಂದೇ ಕಡೆ ರಾಶಿಯಾಗಿ. ಪುಸ್ತಕದ ಲೆಕ್ಕ ತಪ್ಪಲ್ಲ, ಆದರೆ ಅದು ಎಲ್ಲರ ಜೇಬನ್ನೂ ಒಂದೇ ಚೀಲಕ್ಕೆ ಸುರಿದು ಎಣಿಸುತ್ತದೆ.

ಎಣಿಸುವ ಬಗೆ ಹೀಗೆ. ಹೊರಗಿನ ಬೆಲೆ ಕಿಲೋಗೆ 100 ರೂಪಾಯಿ. ಸುಂಕವಿಲ್ಲದಾಗ ದೇಶ 100 ಕಿಲೋ ಬಳಸುತ್ತದೆ, ಅದರಲ್ಲಿ 40 ಒಳಗಿನದು, 60 ಆಮದು ಎಂದಿಟ್ಟುಕೊಳ್ಳಿ. ನಮ್ಮ ನಿಜವಾದ ಅವಲಂಬನೆಯೂ ಹೆಚ್ಚುಕಡಿಮೆ ಇಷ್ಟೇ. ಶೇ 20 ಸುಂಕ ಬಿತ್ತು, ಬೆಲೆ 120 ಆಯಿತು. ಬಳಕೆ 92ಕ್ಕೆ ಇಳಿದು, ಒಳಗಿನ ಉತ್ಪಾದನೆ 46ಕ್ಕೆ ಏರಿ, ಆಮದು 46ಕ್ಕೆ ಬಂತು. ಕೊಳ್ಳುವವರ ನಷ್ಟ ಎಷ್ಟು? ಕಿಲೋಗೆ 20ರಂತೆ, 100 ಮತ್ತು 92ರ ಸರಾಸರಿ 96 ಕಿಲೋಗೆ 1,920 ರೂಪಾಯಿ. ಬೆಳೆದು ಗಾಣ ಆಡಿಸುವವರ ಲಾಭ 20ರಂತೆ 43 ಕಿಲೋಗೆ 860. ಬೊಕ್ಕಸಕ್ಕೆ 20ರಂತೆ 46 ಕಿಲೋಗೆ 920. ಕಳೆದುಕೊಂಡದ್ದು 1,920, ಯಾರಿಗಾದರೂ ಸೇರಿದ್ದು 1,780. ಉಳಿದ 140 ಯಾರ ಕೈಗೂ ಬಾರದೆ ಇಂಗಿತು. ಅದರಲ್ಲಿ 60 ರೂಪಾಯಿ, ಹೊರಗೆ ಅಗ್ಗವಾಗಿ ಸಿಗುತ್ತಿದ್ದ 6 ಕಿಲೋವನ್ನು ಒಳಗೆ ದುಬಾರಿಯಾಗಿ ತಯಾರಿಸಿದ್ದಕ್ಕೆ. 80 ರೂಪಾಯಿ, 8 ಕಿಲೋ ಎಣ್ಣೆಯನ್ನು ಜನ ಕೊಳ್ಳದೆ ಬಿಟ್ಟದ್ದಕ್ಕೆ.

ಇದೇ ಸುಂಕ ಶೇ 40 ಆದರೆ ಇಂಗುವ ಮೊತ್ತ 280 ಅಲ್ಲ, 560. ಸುಂಕ ದುಪ್ಪಟ್ಟಾದರೆ ವ್ಯರ್ಥ ನಾಲ್ಕು ಪಟ್ಟು. ಸಣ್ಣ ಸುಂಕವನ್ನು ಸಹಿಸಿಕೊಳ್ಳಬಹುದು, ಗೋಡೆಯಂಥ ಸುಂಕ ದುಬಾರಿ ಎನ್ನುವುದಕ್ಕೆ ಕಾರಣ ಇದು. ದಿಕ್ಕು ತಿರುಗಿಸಿ ಓದಿದರೆ ಚಳ್ಳಕೆರೆಯ ಕತೆ ಕಾಣುತ್ತದೆ. 1994ರಲ್ಲಿ ಪಾಮೋಲಿನ್ ಆಮದನ್ನು ಶೇ 65ರ ಸುಂಕದಲ್ಲಿ ಖಾಸಗಿಯವರಿಗೆ ತೆರೆದರು, 1998ರ ಹೊತ್ತಿಗೆ ಸುಂಕ ಶೇ 15ಕ್ಕೆ ಇಳಿದಿತ್ತು. ನಾಲ್ಕು ವರ್ಷದಲ್ಲಿ 50 ಅಂಶ! ದೇಶದ ಒಟ್ಟು ಲೆಕ್ಕ ಮೇಲಕ್ಕೆ ಹೋಯಿತು, ನಿಜ. ಆದರೆ ಶೇಂಗಾ ಗಿರಣಿಯ ಎಕ್ಸ್‌ಪೆಲರ್ (ಎಣ್ಣೆ ಹಿಂಡುವ ಯಂತ್ರ) ಇನ್ನೊಂದು ಕೆಲಸಕ್ಕೆ ಬಾರದು, ಅದನ್ನು ಓಡಿಸುತ್ತಿದ್ದವನು ಮರುದಿನ ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗೆ ಹೋಗಲಾರ. ಪುಸ್ತಕದ ಸರಳ ಲೆಕ್ಕದಲ್ಲಿ ಯಂತ್ರವೂ ಮನುಷ್ಯನೂ ಖರ್ಚಿಲ್ಲದೆ ಜಾಗ ಬದಲಿಸುತ್ತಾರೆ. 1939ರಲ್ಲಿ ಅರ್ಥಶಾಸ್ತ್ರಜ್ಞರಾದ ಕಾಲ್ಡೋರ್, ಹಿಕ್ಸ್ ಕೊಟ್ಟ ಅಳತೆಗೋಲು ಏನೆಂದರೆ, ಗೆದ್ದವರು ಸೋತವರಿಗೆ ತುಂಬಿಕೊಟ್ಟೂ ಮಿಗುವಂತಿದ್ದರೆ ಆ ಬದಲಾವಣೆ ಒಳ್ಳೆಯದು. ತುಂಬಿಕೊಡಲೇಬೇಕು ಎಂದು ಅದು ಹೇಳುವುದಿಲ್ಲ. ಅಮೆರಿಕದವರು 1962ರ ವ್ಯಾಪಾರ ಕಾಯ್ದೆಯಲ್ಲೇ ಆಮದಿನಿಂದ ಕೆಲಸ ಕಳೆದುಕೊಂಡವರಿಗೆ ನೆರವು ಇಟ್ಟಿದ್ದರು. ಚಳ್ಳಕೆರೆಗೆ ಅಂಥದ್ದೊಂದು ಇರಲಿಲ್ಲ. ನಮ್ಮ ಅಭಿಪ್ರಾಯದಲ್ಲಿ ತಪ್ಪಾದದ್ದು ಅಲ್ಲಿ, ಎಣ್ಣೆ ತರಿಸಿದ್ದರಲ್ಲಲ್ಲ.

ಈಚಿನ ಸುಂಕ ನಿಮ್ಮಂಥವರ ರಕ್ಷಣೆಗೆಂದೇ ಇದೆಯಲ್ಲ ಎಂದು ಕೇಳಬಹುದು. 2024ರ ಸೆಪ್ಟೆಂಬರ್ 14ರಿಂದ ಕಚ್ಚಾ ಪಾಮ್, ಸೋಯಾ, ಸೂರ್ಯಕಾಂತಿ ಎಣ್ಣೆಗೆ ಎಲ್ಲ ಸೇರಿ ಶೇ 27.5, ಸಂಸ್ಕರಿಸಿದ್ದಕ್ಕೆ ಶೇ 35.75 ಮಾಡಿದರು. 2025ರ ಮೇ 30ರಂದು ಕಚ್ಚಾ ಎಣ್ಣೆಯದನ್ನು ಮಾತ್ರ ಶೇ 16.5ಕ್ಕೆ ಇಳಿಸಿದರು. ಮೂಲ ಸುಂಕ 10, ಕೃಷಿ ಸೆಸ್ 5, ಇವೆರಡರ ಮೇಲೆ ಹತ್ತನೇ ಒಂದು ಭಾಗ ಸರ್ಚಾರ್ಜ್ 1.5. ಈ ಎರಡು ದರಗಳ ಅಂತರ ಯಾರ ಪಾಲಿಗೆ? ಕಚ್ಚಾ ಎಣ್ಣೆ 100, ಸಂಸ್ಕರಿಸಿದ್ದು 108 ಎಂದಿಟ್ಟುಕೊಳ್ಳಿ. ಶುದ್ಧೀಕರಿಸುವವನ ದುಡಿಮೆ 8 ರೂಪಾಯಿ. ಸುಂಕ ಸೇರಿದ ಮೇಲೆ ಕಚ್ಚಾ 116.50, ಸಂಸ್ಕರಿಸಿದ್ದು 146.61. ದುಡಿಮೆಗೆ ಸಿಗಬಹುದಾದ ಜಾಗ 30 ರೂಪಾಯಿ ದಾಟಿತು. ಹೆಸರಿಗೆ ಶೇ 35.75ರ ಸುಂಕ, ಸಂಸ್ಕರಣೆಗೆ ಸಿಕ್ಕ ರಕ್ಷಣೆ ಶೇ 276! ಪೈಪೋಟಿಯಿಂದ ಪೂರ್ತಿ ಅಷ್ಟು ದಕ್ಕುವುದಿಲ್ಲ, ಆದರೂ ಕೊಡೆ ಹಿಡಿದಿರುವುದು ಬಂದರಿನ ಪಕ್ಕದ ರಿಫೈನರಿಗೆ. ಶೇಂಗಾ ಹಿಂಡುವವರ ಮೇಲೆ ಬೀಳುವುದು ಅದರ ಅಂಚಿನ ನೆರಳು.

ಶೇಂಗಾ ಗಿರಣಿಯ ಲೆಕ್ಕವೇ ಬೇರೆ. 100 ಕಿಲೋ ಕಾಯಿ ಒಡೆದರೆ ಸುಮಾರು 70 ಕಿಲೋ ಬೀಜ, ಅದರಿಂದ 28–30 ಕಿಲೋ ಎಣ್ಣೆ, ಮಿಕ್ಕದ್ದು ಹೆಚ್ಚಾಗಿ ಹಿಂಡಿ. ತೂಕದಲ್ಲಿ ಎಣ್ಣೆಗಿಂತ ಹಿಂಡಿಯೇ ಹೆಚ್ಚು. ಸುಂಕ ಏರಿದರೂ ಹಿಂಡಿಯ ದರ ಬಿದ್ದ ವರ್ಷ ಗಿರಣಿಗೆ ಗಿಟ್ಟುವುದಿಲ್ಲ.

ಪ್ರಶ್ನೆ: ಅಡಿಕೆಗೆ ಕನಿಷ್ಠ ಆಮದು ಬೆಲೆ 351 ಮಾಡಿದ ಮೇಲೂ ಹೊರಗಿನ ಅಡಿಕೆ ಬರುವುದು ನಿಂತಿಲ್ಲ. ಇದನ್ನು ಇನ್ನೂ ಏರಿಸಿದರೆ ಸರಿಹೋಗುವುದೇ?
– ಚನ್ನಗಿರಿಯ ಅಡಿಕೆ ಬೆಳೆಗಾರರು

ಉತ್ತರ: ಮೊದಲು ಒಂದು ಗೊಂದಲ ಬಿಡಿಸೋಣ. 2023ರ ಫೆಬ್ರವರಿಯಲ್ಲಿ 251ರಿಂದ 351ಕ್ಕೆ ಏರಿದ್ದು ಸುಂಕವಲ್ಲ, ಬಾಗಿಲ ಎತ್ತರ. ಹಡಗು ಬಾಡಿಗೆ, ವಿಮೆ ಸೇರಿ ಕಿಲೋಗೆ 351ಕ್ಕಿಂತ ಕಡಿಮೆ ಬೆಲೆಯ ಅಡಿಕೆಗೆ ಪ್ರವೇಶವಿಲ್ಲ ಎಂದಷ್ಟೇ ಅದರ ಅರ್ಥ. ಅದರ ಮೇಲೆ ನೂರಕ್ಕೆ ನೂರು ಮೂಲ ಸುಂಕ. ಎರಡೂ ಪೂರ್ತಿ ಬಿದ್ದರೆ ಕ್ವಿಂಟಾಲಿಗೆ 70,200 ರೂಪಾಯಿ ಆಗಬೇಕು. ಇಲ್ಲಿ ರಾಶಿ ದರ್ಜೆಯ ಅಡಿಕೆ 50 ಸಾವಿರದ ಆಸುಪಾಸಿನಲ್ಲಿದೆ ಎಂದಿಟ್ಟುಕೊಳ್ಳಿ, 70,200ಕ್ಕೆ ತರಿಸುವ ಹುಚ್ಚ ಯಾರೂ ಇಲ್ಲ. ಹಾಗಾದರೆ ಬರುತ್ತಿರುವುದು ಹೇಗೆ? ಸುಂಕದ ರಿಯಾಯಿತಿ ಇರುವ ನೆರೆಯ ದೇಶಗಳ ಒಪ್ಪಂದದ ದಾರಿಯಿಂದ, ಇಲ್ಲವೇ ಕಳ್ಳದಾರಿಯಿಂದ.

ರಿಯಾಯಿತಿಯ ದಾರಿಯಲ್ಲಿ ಸುಂಕ ಸೊನ್ನೆಯಾದರೆ 351ರ ಅಡಿಕೆ ಕ್ವಿಂಟಾಲಿಗೆ 35,100ಕ್ಕೇ ಬಂದು ನಿಲ್ಲುತ್ತದೆ, ನಿಮ್ಮ ಬೆಲೆಗಿಂತ ಬಹಳ ಕೆಳಗೆ. ಇಂಡೊನೇಷ್ಯಾದ ಅಡಿಕೆ ಶ್ರೀಲಂಕಾದ ಹೆಸರಿನ ಚೀಲದಲ್ಲಿ ಬರುವುದು ಈ ಆಸೆಗೇ. ಇಲ್ಲಿ ಹಿಡಿಯಬೇಕಾದದ್ದು ‘ಮೂಲ ದೇಶ’ದ ಪ್ರಮಾಣಪತ್ರ. ಆ ದೇಶ ತಾನು ಬೆಳೆಯುವುದಕ್ಕಿಂತ ಹೆಚ್ಚು ಅಡಿಕೆಗೆ ಪ್ರಮಾಣಪತ್ರ ಕೊಟ್ಟಿದೆಯೇ ಎಂದು ತಾಳೆ ನೋಡುವುದು, ಬೆಲೆಯ ಬಾಗಿಲು ಎತ್ತರಿಸುವುದಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ. ಭೂತಾನಿನ ವಿಷಯ ಬೇರೆ. ಅಲ್ಲಿಂದ ಜೈಗಾಂವ್ ಸುಂಕ ಠಾಣೆಯ ಮೂಲಕ ವರ್ಷಕ್ಕೆ 17,000 ಟನ್ ಹಸಿ ಅಡಿಕೆಗೆ ಕನಿಷ್ಠ ಬೆಲೆಯಿಲ್ಲದೆ ಬಿಟ್ಟಿರುವುದು ಅಧಿಕೃತ ತೀರ್ಮಾನ.

ಕನಿಷ್ಠ ಬೆಲೆಯಲ್ಲಿ ಇನ್ನೊಂದು ದೋಷವಿದೆ. ಹೊರಗೆ ನಿಜವಾದ ಬೆಲೆ 200 ಎಂದಿಟ್ಟುಕೊಳ್ಳಿ. ಆಮದುದಾರ ಬಿಲ್ಲಿನಲ್ಲಿ 351 ಎಂದು ತೋರಿಸಿ ಅಷ್ಟೂ ಹಣ ಕಳಿಸುತ್ತಾನೆ. ನಡುವಿನ 151 ರೂಪಾಯಿ ವಿದೇಶಿ ಮಾರಾಟಗಾರನ ಜೇಬಿಗೆ ಹೋಯಿತು, ಅಥವಾ ಹವಾಲಾದಲ್ಲಿ ಸುತ್ತಿ ಬಂದು ಆಮದುದಾರನ ಕೈ ಸೇರಿತು. ಅದೇ 151ನ್ನು ಸುಂಕವಾಗಿ ಹಾಕಿದ್ದರೆ ನಮ್ಮ ಬೊಕ್ಕಸಕ್ಕೆ ಬರುತ್ತಿತ್ತು. ಮೇಲಿನ ಎಣ್ಣೆಯ ಲೆಕ್ಕದಲ್ಲಿ ಬೊಕ್ಕಸದ 920 ಇತ್ತಲ್ಲ, ಕನಿಷ್ಠ ಬೆಲೆ ಆ ಸಾಲನ್ನೇ ಅಳಿಸಿ ಗಡಿಯಾಚೆಗೆ ಬರೆಯುತ್ತದೆ. ಕೋಟಾದಲ್ಲೂ ಇದೇ ಪಾಡು, ಅಲ್ಲಿ ಆ ಹಣ ಲೈಸೆನ್ಸ್ ಹಿಡಿದವನಿಗೆ.

ಕಳ್ಳದಾರಿಯ ಲೆಕ್ಕ ಇನ್ನೂ ಸರಳ. ಒಳಗೂ ಹೊರಗೂ ಕಿಲೋಗೆ 300 ರೂಪಾಯಿ ಅಂತರವಿದ್ದರೆ 10 ಟನ್ನಿನ ಒಂದು ಲಾರಿ ಗಡಿ ದಾಟಿಸಿದರೆ 30 ಲಕ್ಷ. ಬಾಗಿಲು ಎತ್ತರಿಸಿದಷ್ಟೂ ಕಿಟಕಿಗೆ ಬೆಲೆ ಬರುತ್ತದೆ.

ಚನ್ನಗಿರಿಯಲ್ಲಿ ಹೇಳಲು ಕಷ್ಟವಾದ ಎರಡು ಮಾತುಗಳೂ ಇವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಅಡಿಕೆಯನ್ನು ಮೊದಲ ಗುಂಪಿನ ಕ್ಯಾನ್ಸರ್‌ಕಾರಕ ಎಂದು ಹೆಸರಿಸಿದೆ. ಆದ್ದರಿಂದ ಬೆಲೆ ಏರಿ ಜನ ಕಡಿಮೆ ಅಗಿದರೆ, ಬೇರೆ ಸರಕಿನಲ್ಲಿ ನಷ್ಟ ಎಂದು ಬರೆಯುವ ಭಾಗವನ್ನು ಇಲ್ಲಿ ಹಾಗೆಯೇ ನಷ್ಟವೆಂದು ಬರೆಯಲಾಗದು. ಇನ್ನೊಂದು, ರಕ್ಷಣೆಯ ಬೆಲೆ ನೋಡಿ ಜೋಳದ ಹೊಲ, ಭತ್ತದ ಗದ್ದೆ ತೋಟವಾಗುತ್ತಿರುವುದು. ಹೊಳಲ್ಕೆರೆ, ಹೊಸದುರ್ಗದ ಕಡೆ ಬೇಸಿಗೆಯಲ್ಲಿ ಟ್ಯಾಂಕರ್ ನೀರು ಹಾಕಿ ಗಿಡ ಉಳಿಸಿಕೊಳ್ಳುವವರನ್ನು ಕಂಡಿದ್ದೀರಿ. ಎಣ್ಣೆಯ ಲೆಕ್ಕದಲ್ಲಿ ‘ದುಬಾರಿಯಾಗಿ ತಯಾರಿಸಿದ 6 ಕಿಲೋ’ ಎಂದು ಬರೆದದ್ದು ನೆಲದ ಮೇಲೆ ಕಾಣುವುದು ಹೀಗೆ. ಅಂತರ್ಜಲಕ್ಕೆ ಯಾರೂ ಬೆಲೆ ಕಟ್ಟಿಲ್ಲವಾದ್ದರಿಂದ ನಿಜವಾದ ಖರ್ಚು ಇನ್ನೂ ಹೆಚ್ಚು.

ಪ್ರಶ್ನೆ: ಈರುಳ್ಳಿ ರೇಟು ಏರಿದ ಕೂಡಲೇ ರಫ್ತು ಬಂದ್ ಮಾಡ್ತಾರೆ, ಬಿದ್ದಾಗ ಯಾರೂ ಕೇಳಲ್ಲ. ಇದರಿಂದ ದೇಶಕ್ಕೆ ಲಾಭವೋ ನಷ್ಟವೋ ಲೆಕ್ಕ ಹೇಳಿ.
– ಹಿರಿಯೂರು

ಉತ್ತರ: ಬೆಳೆ ಕಿತ್ತು ಮುಗಿದ ಮೇಲೆ ನಿಷೇಧ ಬಂತು ಎಂದಿಟ್ಟುಕೊಳ್ಳಿ. ಇರುವ ಸರಕು 100 ಕಿಲೋ. ಬೆಲೆ 30 ಇದ್ದಾಗ 80 ಒಳಗೆ, 20 ಹೊರಗೆ ಹೋಗುತ್ತಿತ್ತು. ಬಾಗಿಲು ಹಾಕಿದ ಮೇಲೆ 100 ಕಿಲೋವೂ ಒಳಗೇ ಕರಗಬೇಕು, ಬೆಲೆ 20ಕ್ಕೆ ಬಿತ್ತು. ರೈತರ ನಷ್ಟ 1,000 ರೂಪಾಯಿ. ಕೊಳ್ಳುವವರ ಲಾಭ 10ರಂತೆ ಸರಾಸರಿ 90 ಕಿಲೋಗೆ 900. ದೇಶಕ್ಕೆ ಇಂಗಿದ್ದು 100. ಅಂದರೆ ಒಟ್ಟು ನಷ್ಟ ಸಣ್ಣದು, ಒಂದು ಜೇಬಿನಿಂದ ಇನ್ನೊಂದಕ್ಕೆ ಹೋದ 900 ದೊಡ್ಡದು. ಎಕರೆಗೆ 50 ಕ್ವಿಂಟಾಲ್ ತೆಗೆದವರಿಗೆ ಕಿಲೋಗೆ 10 ಕಡಿಮೆಯಾದರೆ 50,000 ರೂಪಾಯಿ ಹೋಯಿತು. ತಿಂಗಳಿಗೆ 4 ಕಿಲೋ ಕೊಳ್ಳುವ ಮನೆಗೆ ಉಳಿದದ್ದು 40. ಆದರೆ 40 ರೂಪಾಯಿಯ ಮನೆಗಳು ಕೋಟಿಗಟ್ಟಲೆ, ಚುನಾವಣೆ ಹತ್ತಿರವಿದ್ದರಂತೂ ಕೇಳುವುದೇ ಬೇಡ.

ಬಾಗಿಲು ಯಾವ ರೀತಿ ಮುಚ್ಚಿದೆ ಎಂಬುದನ್ನು ಅಧಿಸೂಚನೆ ಓದಿಯೇ ತಿಳಿಯಬೇಕು. 2023ರ ಆಗಸ್ಟ್‌ನಲ್ಲಿ ಶೇ 40 ರಫ್ತು ಸುಂಕ, ಅಕ್ಟೋಬರ್ ಕೊನೆಗೆ ಟನ್ನಿಗೆ 800 ಡಾಲರ್ ಕನಿಷ್ಠ ರಫ್ತು ಬೆಲೆ, ಡಿಸೆಂಬರ್ 8ರಿಂದ ಪೂರ್ತಿ ನಿಷೇಧ. 2024ರ ಮೇ 4ರಂದು ‘ನಿಷೇಧ ತೆರವು’ ಎಂದು ಸುದ್ದಿಯಾಯಿತು. ಆದರೆ ಜೊತೆಗೆ 550 ಡಾಲರ್ ಕನಿಷ್ಠ ಬೆಲೆ, ಶೇ 40 ಸುಂಕ. ಆಗಿನ 83 ರೂಪಾಯಿಯ ಡಾಲರಿನಲ್ಲಿ 550 ಡಾಲರ್ ಎಂದರೆ ಕಿಲೋಗೆ 45.65, ಸುಂಕ 18.26, ಒಟ್ಟು ಸುಮಾರು 64 ರೂಪಾಯಿ. ಆ ಬೆಲೆಗೆ ಕೊಳ್ಳುವವರು ಬೆರಳೆಣಿಕೆ. ಬಾಗಿಲು ತೆರೆದು ಹೊಸಿಲಿಗೆ ಬಂಡೆ ಇಟ್ಟಂತೆ. ಸೆಪ್ಟೆಂಬರ್ 13ಕ್ಕೆ ಕನಿಷ್ಠ ಬೆಲೆ ಹೋಗಿ ಸುಂಕ ಶೇ 20ಕ್ಕೆ ಇಳಿಯಿತು, 2025ರ ಏಪ್ರಿಲ್ 1ರಿಂದ ಅದೂ ಹೋಯಿತು.

ನಿಮ್ಮ ಕಡೆಯ ಮುಂಗಾರು ಈರುಳ್ಳಿಯಲ್ಲಿ ತೇವ ಹೆಚ್ಚು, ಗೂಡಿನಲ್ಲಿ ತಿಂಗಳುಗಟ್ಟಲೆ ನಿಲ್ಲದು. ಹೆಚ್ಚಿನದು ಹೋಗುವುದು ಯಶವಂತಪುರಕ್ಕೆ. ಹಾಗಾಗಿ ಹಡಗು ಹತ್ತುವುದು ನಾಸಿಕದ ಈರುಳ್ಳಿಯೇ ಆದರೂ, ಅದು ಹತ್ತದೆ ದಕ್ಷಿಣಕ್ಕೆ ಇಳಿದರೆ ಏಟು ನಿಮಗೆ. ಕೊಯ್ದು ಕೂಡಿಟ್ಟು ಬೆಲೆ ನೋಡುವ ಅನುಕೂಲ ನಾಸಿಕದವರಿಗಿದೆ, ನಿಮಗಿಲ್ಲ. ಮೇಲಿನ 100 ರೂಪಾಯಿಯ ಲೆಕ್ಕದಲ್ಲಿ ಬಾರದ ನಷ್ಟ ಇನ್ನೊಂದು: ಇಂದು ಬಾಗಿಲು ಹಾಕಿದ ಅಂಗಡಿಗೆ ನಾಳೆ ಗಿರಾಕಿ ಬರುವುದಿಲ್ಲ.

ಪ್ರಶ್ನೆ: ಎಲ್ಲವನ್ನೂ ನಮಗಿಂತ ಅಗ್ಗವಾಗಿ ಮಾಡುವ ದೇಶದೊಡನೆ ವ್ಯಾಪಾರ ಮಾಡಿದರೆ ನಾವು ಮಾರುವುದೇನು? ರಿಕಾರ್ಡೊ ಸಿದ್ಧಾಂತ ಪರೀಕ್ಷೆಗೆ ಬರೆದೆ, ನಂಬಿಕೆ ಬರಲಿಲ್ಲ.
– ಬಿ.ಎ. ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ನಂಬಿಕೆ ಬಾರದಿರುವುದು ಒಳ್ಳೆಯ ಲಕ್ಷಣ. 1817ರಲ್ಲಿ ಅರ್ಥಶಾಸ್ತ್ರಜ್ಞ ರಿಕಾರ್ಡೊ ಇಂಗ್ಲೆಂಡಿನ ಬಟ್ಟೆ, ಪೋರ್ಚುಗಲ್ಲಿನ ದ್ರಾಕ್ಷಾರಸ ಹಿಡಿದು ಹೇಳಿದ್ದನ್ನು ನಮ್ಮ ಸರಕಿನಲ್ಲಿ ನೋಡೋಣ. ಆಚೆ ದೇಶದಲ್ಲಿ ಕ್ವಿಂಟಾಲ್ ಜೋಳಕ್ಕೆ 1 ದಿನದ ಆಳು, ಡಬ್ಬ ಎಣ್ಣೆಗೆ 2 ದಿನ. ನಮ್ಮಲ್ಲಿ ಜೋಳಕ್ಕೆ 2 ದಿನ, ಎಣ್ಣೆಗೆ 6 ದಿನ. ಎರಡರಲ್ಲೂ ನಾವು ಹಿಂದೆ. ಆದರೆ ಡಬ್ಬ ಎಣ್ಣೆ ಮಾಡಲು ಅವರು ಬಿಡಬೇಕಾದದ್ದು 2 ಕ್ವಿಂಟಾಲ್ ಜೋಳ, ನಾವು 3. ಎರಡೂವರೆ ಕ್ವಿಂಟಾಲಿಗೆ ಒಂದು ಡಬ್ಬದಂತೆ ಬದಲಾಯಿಸಿಕೊಂಡರೆ, ನಾವು 5 ದಿನ ಜೋಳ ಬೆಳೆದು 6 ದಿನದ ಎಣ್ಣೆ ಪಡೆದೆವು. ಅವರು 2 ದಿನ ದುಡಿದು ಎರಡೂವರೆ ದಿನದ ಜೋಳ ಪಡೆದರು.

ಅಂಗಡಿಯಲ್ಲಿ ಯಾರೂ ದಿನ ಎಣಿಸುವುದಿಲ್ಲ, ರೂಪಾಯಿ ಎಣಿಸುತ್ತಾರೆ. ನಿಮ್ಮ ಅನುಮಾನ ಹುಟ್ಟುವುದು ಅಲ್ಲೇ ಇರಬೇಕು. ಉತ್ತರ ಕೂಲಿಯಲ್ಲಿದೆ. ನಮ್ಮ ಕೂಲಿ ಅವರದರ ಅರ್ಧಕ್ಕಿಂತ ಕೆಳಗೆ, ಮೂರನೇ ಒಂದು ಭಾಗಕ್ಕಿಂತ ಮೇಲೆ ಬಂದು ನಿಲ್ಲುತ್ತದೆ. ಅವರ ದಿನಗೂಲಿ 100, ನಮ್ಮದು 40 ಎನ್ನಿ. ನಮ್ಮ ಜೋಳ 80, ಅವರದು 100. ನಮ್ಮ ಎಣ್ಣೆ 240, ಅವರದು 200. ಮಾರುವುದೇನು ಎಂಬುದು ತಾನಾಗಿಯೇ ತೀರ್ಮಾನವಾಯಿತು. ನಮ್ಮ ಕೂಲಿ ಅರ್ಧಕ್ಕಿಂತ ಮೇಲೇರಿದರೆ ನಾವು ಏನನ್ನೂ ಮಾರಲಾರೆವು, ರೂಪಾಯಿ ಕುಸಿದು ಮತ್ತೆ ಅದೇ ಜಾಗಕ್ಕೆ ತರುತ್ತದೆ. ಬಡ ಕೂಲಿಯ ಕಾರಣ ವ್ಯಾಪಾರವಲ್ಲ, ಕ್ವಿಂಟಾಲಿಗೆ 2 ದಿನ ಹಿಡಿಯುವುದು.

ಉತ್ತರ ಪತ್ರಿಕೆಯಲ್ಲಿ ಬಹಳ ಜನ ಬಿಡುವ ಒಂದು ಸಾಲು ಸೇರಿಸಿ. ರಿಕಾರ್ಡೊನಲ್ಲಿ ದುಡಿಮೆ ಒಂದೇ ಬಗೆಯದು, ಹಾಗಾಗಿ ಸೋಲುವವರೇ ಇಲ್ಲ. ಸೋಲುವವರು ಕಾಣಿಸಿಕೊಂಡದ್ದು 1941ರಲ್ಲಿ, ಸ್ಟೋಲ್ಪರ್ ಮತ್ತು ಸ್ಯಾಮ್ಯುಯೆಲ್ಸನ್ ಎಂಬ ಅರ್ಥಶಾಸ್ತ್ರಜ್ಞರು ಬಂಡವಾಳ, ದುಡಿಮೆ ಬೇರೆ ಬೇರೆ ಎಂದು ಹಿಡಿದು ನೋಡಿದಾಗ. ಚಳ್ಳಕೆರೆಯ ಪ್ರಶ್ನೆಗೆ ಉತ್ತರ ಹುಡುಕಬೇಕಾದದ್ದು ಅಲ್ಲಿ.

ಪ್ರಶ್ನೆ: ನಮ್ಮ ಅದಿರು ನಮ್ಮಲ್ಲೇ ಉಕ್ಕಾಗಲಿ, ಹೊರಗೆ ಹೋಗುವುದು ಬೇಡ ಎಂಬುದು ಸರಿಯಲ್ಲವೇ?
– ಹೊಳಲ್ಕೆರೆ

ಉತ್ತರ: ಮಾತು ಹಿತವಾಗಿದೆ. ದುಡ್ಡು ಯಾರಿಂದ ಯಾರಿಗೆ ಹೋಗುತ್ತದೆ ನೋಡಿ. ಬಂದರಿನಲ್ಲಿ ಟನ್ನಿಗೆ 100 ಡಾಲರ್ ಇದ್ದು ರಫ್ತು ಸುಂಕ ಶೇ 30 ಆದರೆ ಗಣಿಯವರಿಗೆ 70, ಶೇ 50 ಆದರೆ 50. ಒಳಗಿನ ಉಕ್ಕಿನ ಕಾರ್ಖಾನೆ ಅದಕ್ಕಿಂತ ಒಂದಿಷ್ಟು ಹೆಚ್ಚು ಕೊಟ್ಟರೆ ಸಾಕು. ಒಂದು ಟನ್ ಉಕ್ಕಿಗೆ ಸುಮಾರು 1.6 ಟನ್ ಅದಿರು ಬೇಕು, ಆದ್ದರಿಂದ ಸುಂಕದ ಈ ಏರಿಕೆ ಉಕ್ಕಿನವರಿಗೆ ಟನ್ನಿಗೆ 32 ಡಾಲರ್ ಉಡುಗೊರೆ. 2022ರ ಮೇನಲ್ಲಿ ಶೇ 50ಕ್ಕೆ ಏರಿಸಿದ್ದನ್ನು ನವೆಂಬರ್‌ನಲ್ಲಿ ಹಿಂತೆಗೆದರು. ಶೇ 58ಕ್ಕಿಂತ ಕಡಿಮೆ ಕಬ್ಬಿಣಾಂಶದ ಅದಿರಿಗೆ ಸುಂಕ ಇಲ್ಲವಾದ್ದರಿಂದ ಅದಿರಿನ ‘ದರ್ಜೆ’ ಆ ಗೆರೆಯ ಸುತ್ತ ಜಾರಾಡುತ್ತದೆ.

ಆದರೆ ಹೊಳಲ್ಕೆರೆಯ ನಿಜವಾದ ಪ್ರಶ್ನೆ ಅದಿರು ಎಲ್ಲಿಗೆ ಹೋಗುತ್ತದೆ ಎಂಬುದಲ್ಲ. ಧೂಳು, ಕೆಟ್ಟ ರಸ್ತೆ, ಹೂಳು ತುಂಬಿದ ಕೆರೆಯ ಖರ್ಚು ಅದಿರಿನ ಬೆಲೆಯೊಳಗೆ ಇರಲಿಲ್ಲ. ಆ ಖರ್ಚು ಬಿಟ್ಟು ಎಣಿಸಿದರೆ ರಫ್ತಿನ ಲಾಭ ಹೆಚ್ಚು ಕಾಣುತ್ತದೆ, ದೇಶದೊಳಗಿನ ಮಾರಾಟದ್ದೂ ಅಷ್ಟೇ ಹೆಚ್ಚು ಕಾಣುತ್ತದೆ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ, ಚಿತ್ರದುರ್ಗ, ತುಮಕೂರಿನಲ್ಲಿ ಗಣಿಗಾರಿಕೆ ನಿಲ್ಲಿಸಿದ ಮೇಲೆ, ಹಾನಿ ತುಂಬಲೆಂದು ಸಂಗ್ರಹವಾದ ಹಣದ ಕೆಲಸಕ್ಕೆ 2014ರಲ್ಲಿ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ ಬಂತು. 2022ರ ಮೇನಲ್ಲಿ ರಫ್ತಿಗೂ ಕೋರ್ಟು ಒಪ್ಪಿತು. ಗಣಿ ಗ್ರಾಮದವರು ಕೇಳಬೇಕಾದದ್ದು ಆ ನಿಗಮದ ಕಾಮಗಾರಿ ಪಟ್ಟಿಯಲ್ಲಿ ತಮ್ಮ ಊರು ಎಲ್ಲಿದೆ ಎಂದು.

ಪ್ರಶ್ನೆ: 2023ರಲ್ಲಿ ಅಕ್ಕಿ ರಫ್ತು ನಿಲ್ಲಿಸಿದರು. ಆದರೂ ನಮ್ಮ ಮಂಡಕ್ಕಿ ಭಟ್ಟಿಗೆ ಭತ್ತ ಅಗ್ಗವಾಗಲಿಲ್ಲ, ಯಾಕೆ?
– ಮಂಡಕ್ಕಿ ಭಟ್ಟಿಯವರು, ದಾವಣಗೆರೆ

ಉತ್ತರ: ಜುಲೈ 20ರಂದು ನಿಂತದ್ದು ಬಾಸ್ಮತಿಯಲ್ಲದ ಬಿಳಿ ಅಕ್ಕಿ. ಕುಚ್ಚಲಕ್ಕಿಗೆ ಆಗಸ್ಟ್ 25ರಿಂದ ಶೇ 20 ಸುಂಕ ಬಿತ್ತು, ನಿಷೇಧವಲ್ಲ. ಆ ವರ್ಷ ರಾಜ್ಯದ 223 ತಾಲ್ಲೂಕು ಬರಪೀಡಿತ, ಭದ್ರಾ ಜಲಾಶಯ ತುಂಬಲಿಲ್ಲ, ಅಚ್ಚುಕಟ್ಟಿನಲ್ಲಿ ಬೇಸಿಗೆ ಭತ್ತಕ್ಕೆ ಪೆಟ್ಟು. ನಿಷೇಧ ಇಲ್ಲದಿದ್ದರೆ ನಿಮಗೆ ಭತ್ತ ಇನ್ನೂ ದುಬಾರಿಯಾಗುತ್ತಿತ್ತು, ಅಷ್ಟೇ.

ಅಕ್ಕಿಯಲ್ಲಿ ಇನ್ನೊಂದು ವಿಶೇಷವಿದೆ. ಜಗತ್ತಿನ ಅಕ್ಕಿ ವ್ಯಾಪಾರದ ಸುಮಾರು ಶೇ 40 ನಮ್ಮದು. ನಾವು ಬಾಗಿಲು ಹಾಕಿದರೆ ಹೊರಗಿನ ಬೆಲೆಯೇ ಏರುತ್ತದೆ. ಇಂಥ ದೊಡ್ಡ ಮಾರಾಟಗಾರ ಹದವಾದ ರಫ್ತು ಸುಂಕ ಹಾಕಿದರೆ, ಅದರ ಒಂದು ಪಾಲನ್ನು ಕೊಳ್ಳುವ ದೇಶಗಳೇ ಕಟ್ಟುತ್ತವೆ. ನಿಷೇಧ ಹಾಕಿದರೆ ಏರಿದ ಬೆಲೆಯ ಲಾಭ ಥಾಯ್ಲೆಂಡ್, ವಿಯೆಟ್ನಾಂ ಗದ್ದೆಗಳಿಗೆ. ಹಾಗಾಗಿ ಬಿಳಿ ಅಕ್ಕಿಗೆ ನಿಷೇಧಕ್ಕಿಂತ ಸುಂಕವೇ ಲೇಸಿತ್ತು. ಬಿಳಿ ಅಕ್ಕಿಯ ನಿಷೇಧ 2024ರ ಸೆಪ್ಟೆಂಬರ್ 28ಕ್ಕೆ ಹೋಯಿತು, ಕುಚ್ಚಲಕ್ಕಿಯ ಸುಂಕ ಮೊದಲು ಶೇ 10ಕ್ಕೆ ಇಳಿದು ಅಕ್ಟೋಬರ್‌ನಲ್ಲಿ ಸೊನ್ನೆಯಾಯಿತು. ಮುಂದಿನ ಸಲ ಭತ್ತ ದಾಸ್ತಾನು ಮಾಡುವ ಮೊದಲು ಭದ್ರಾ ಜಲಾಶಯದ ಮಟ್ಟ ನೋಡಿ, ಆಮೇಲೆ ದೆಹಲಿಯ ಅಧಿಸೂಚನೆ.